ಮಾವ ಬಿಸಿಲಿಗಿಟ್ಟ ವೈನು

ವೈನಿನ ವಿಷಯದಲ್ಲಿ ನನ್ನ ಸೋದರಮಾವನಷ್ಟು ತಿಳಿದವರು ಮುಂಬಯಿಯ ಇಡೀ ವಿಲೆ ಪಾರ್ಲೆಯಲ್ಲಿಲ್ಲ. ಕುಡಿದವರು ಬೇಕಾದಷ್ಟು ಜನ ಇದ್ದಾರೆ ಬಿಡಿ. ಮಾವ ಮಾತ್ರ ಒಂದು ತೊಟ್ಟನ್ನೂ ನಾಲಿಗೆಗೆ ಸೋಕಿಸಿದವರಲ್ಲ! ಅಂಧೇರಿಯಲ್ಲಿ ಉಡುಪಿ ಹೋಟೆಲು ನಡೆಸುತ್ತಾ ಜೀವನವಿಡೀ ಕಾಫಿಯಲ್ಲೇ ಕಳೆದ ಮನುಷ್ಯ.

ಹೋಟೆಲಿನ ಖಾಯಂ ಗಿರಾಕಿಯಾಗಿದ್ದ ವಿಮಾನದ ಕ್ಯಾಪ್ಟನ್ ಒಬ್ಬರು ಫ್ರಾನ್ಸಿನಿಂದ ಒಂದು ಬಾಟಲಿ ಕೆಂಪು ವೈನು ತಂದುಕೊಟ್ಟದ್ದೇ ನೆಪ, ಹುಚ್ಚು ಹತ್ತಿತು. ಲೇಬಲ್ಲಿನಲ್ಲಿ ಹಳೇ ಬಂಗಲೆ, ಅದರ ಮುಂದೆ ದ್ರಾಕ್ಷಿತೋಟ. ಮಾವ ಮೊಬೈಲಿನಲ್ಲಿ ಹುಡುಕಿ ಹುಡುಕಿ ಆ ತೋಟದವರ ವಂಶಾವಳಿಯನ್ನೇ ಬಾಯಿಪಾಠ ಮಾಡಿದರು. ಯಾವ ಅಜ್ಜ ಬಂಗಲೆ ಕಟ್ಟಿಸಿದ, ಯಾವ ಮೊಮ್ಮಗ ಜೂಜಾಡಿ ಅರ್ಧ ತೋಟ ಕಳೆದ, ಯಾವ ಸೊಸೆ ಅದನ್ನು ಬಿಡಿಸಿಕೊಂಡಳು, ಎಲ್ಲ ಗೊತ್ತು. ನಮ್ಮ ಸ್ವಂತ ಮುತ್ತಜ್ಜನ ಹೆಸರು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ!

ಒಮ್ಮೆ ಲೋಕಲ್ ಟ್ರೇನಿನಲ್ಲಿ ಆ ಸೊಸೆಯ ಗಟ್ಟಿತನವನ್ನು ಹೊಗಳುತ್ತಿದ್ದಾಗ ಪಕ್ಕದವರೊಬ್ಬರು, “ನಿಮ್ಮ ಸಂಬಂಧವಾ?” ಎಂದು ಕೇಳಿದರಂತೆ. “ಹ್ಞಾಂ, ಹತ್ತಿರದವರೇ” ಎಂದರಂತೆ ಮಾವ.

ಇಂಥ ಪಂಡಿತರು ಬಾಟಲಿಯನ್ನು ಹೇಗೆ ಕಾಪಾಡಿದರು ಅಂತೀರಿ? ಪ್ರತಿ ಬೇಸಿಗೆ ಅತ್ತೆ ಬಿಲ್ಡಿಂಗಿನ ಟೆರೇಸಿನಲ್ಲಿ ಹಪ್ಪಳ, ಸಂಡಿಗೆ ಒಣಗಿಸುವಾಗ ಪಕ್ಕದಲ್ಲೇ ವೈನನ್ನೂ ಬಿಸಿಲಿಗಿಟ್ಟರು!

“ಮಾವಾ, ಅವರು ತಣ್ಣಗಿನ ನೆಲಮಾಳಿಗೆಯಲ್ಲಿ ಇಡ್ತಾರಂತಲ್ಲ?”

“ಪಾಪ, ಅವರಿಗೆ ಬಿಸಿಲಿಲ್ಲ, ಎಂತ ಮಾಡುದು? ನಮಗೆ ಉಂಟಲ್ಲ! ಬಿಸಿಲು ಕಾಣದ ವಸ್ತು ವರ್ಷಗಟ್ಟಲೆ ಉಳಿಯುದುಂಟಾ?”

ಅತ್ತೆಗೆ ಮೈಯೆಲ್ಲ ಉರಿ. “ಸಂಡಿಗೆಗೆ ಇದರ ಗಾಳಿ ತಾಗಿದ್ರೆ ನಾನು ದೇವರಿಗೆ ಎಂತ ಹೇಳ್ಲಿ?”

ಮಗಳ ಮದುವೆಗೂ ಬಾಟಲಿಯ ಬಿರಡೆ ತೆಗೆಯಲಿಲ್ಲ. ಅದಕ್ಕೆ ತಕ್ಕ ದಿನ ಇನ್ನೂ ಬಂದಿಲ್ಲವಂತೆ!

ಕಳೆದ ವರ್ಷ ಅತ್ತೆಗೆ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಯಾವ ವಾಸನೆಯೂ ತಿಳಿಯದಂತಾಯಿತು. ಹೋಟೆಲಿನ ಸಾಂಬಾರು ಪುಡಿಯ ಹದವನ್ನು ಮೂಗಿನಿಂದಲೇ ನೋಡುತ್ತಿದ್ದ ಹೆಂಗಸು! ಮಣ್ಣು ತಿಂದಂತಾಗುತ್ತದೆ ಎಂದು ಬಟ್ಟಲು ದೂರ ಸರಿಸಿದರು, ಅಡುಗೆಮನೆಗೆ ಹೋಗುವುದನ್ನೇ ಬಿಟ್ಟರು, ಸೊರಗಿಹೋದರು. ದಿನಾ ಗಾಢವಾದ ವಾಸನೆ ತೋರಿಸಿ, ಮರಳಿದರೂ ಮರಳಬಹುದು ಎಂದರು ಡಾಕ್ಟರು. ಮಾವ ಇಂಗು ಹಿಡಿದರು, ಮಲ್ಲಿಗೆ ಹಿಡಿದರು, ಕಾಫಿಪುಡಿ ಹಿಡಿದರು. ಕೊನೆಗೆ ಆ ಶುದ್ಧ ಸಸ್ಯಾಹಾರಿ ಮನೆಗೆ ಪಕ್ಕದವರಿಂದ ಒಣಮೀನನ್ನೂ ತಂದು ಹಿಡಿದರು! ಅತ್ತೆ ತಲೆಯಾಡಿಸಿ ಗೋಡೆ ಕಡೆ ತಿರುಗಿ ಮಲಗಿದರು.

ಮರುದಿನ ನಾನು ಹೋದಾಗ ಮಾವ ಸ್ಕ್ರೂಡ್ರೈವರಿನಿಂದ ಬಾಟಲಿಯ ಬಿರಡೆ ಕೀಳುತ್ತಿದ್ದರು. “ಒಳ್ಳೆ ವೈನಿನಲ್ಲಿ ಹಣ್ಣು, ಹೂವು, ಮಳೆ ಬಿದ್ದ ಮಣ್ಣು, ಎಲ್ಲದರ ವಾಸನೆ ಉಂಟಂತೆ ಮಾರಾಯ. ಅದರಲ್ಲಿ ಒಂದಾದ್ರೂ ಇವಳಿಗೆ ಸಿಕ್ಕಿದ್ರೆ ಸಾಕು” ಎಂದರು. ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಅತ್ತೆಯ ಮೂಗಿನ ಹತ್ತಿರ ಹಿಡಿದರು.

ಅತ್ತೆ ಮೂಸಿದರು. ಮತ್ತೆ ಮೂಸಿದರು. ಮುಖ ಕಿವುಚಿದರು.

“ಇಶ್ಶೀ! ಹುಳಿ ಹುಳಿ ವಾಸನೆ! ಇದು ಹಾಳಾಗಿದೆ, ಚೆಲ್ಲಿ ಮಾರಾಯ್ರೇ!”

ನಾನೂ ಮೂಸಿ ನೋಡಿದೆ. ಹೌದು, ಅಷ್ಟು ದೊಡ್ಡ ಬಂಗಲೆಯ ವೈನು ಅಪ್ಪಟ ವಿನೆಗರ್ ಆಗಿತ್ತು. ಮಾವ ಲೋಟ ಕೆಳಗಿಟ್ಟರು. ಅತ್ತೆಯ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟರು.

“ಇನ್ನೊಮ್ಮೆ ಹೇಳು ಮಾರಾಯ್ತಿ,” ಎಂದರು. “ಹಾಳಾಗಿದೆ ಅಂತ ಇನ್ನೊಮ್ಮೆ ಹೇಳು.”