ತುಂಬಿಟ್ಟು ಹೋದವರ ಕೋವಿ

ಬೇರೆಯವರಿಗೆ ದೆವ್ವ ಭೂತಗಳು ಹುಣಸೆ ಮರದ ಕೆಳಗೋ ಹಾಳು ಬಾವಿಯ ಹತ್ತಿರವೋ ಸಿಗುತ್ತವಂತೆ. ನನಗೆ ಮಾತ್ರ ಅವು ಅರ್ಜಿಯ ಮೂಲಕವೇ ಬರುತ್ತವೆ. ಎಚ್.ಡಿ. ಕೋಟೆಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇಪ್ಪತ್ತು ವರ್ಷದಿಂದ ಜನರ ಅರ್ಜಿ ಬರೆದುಕೊಡುತ್ತಿದ್ದೇನೆ. ಖಾತೆ, ಪಿಂಚಣಿ, ಪಡಿತರ ಚೀಟಿ, ಏನು ಬೇಕಾದರೂ ಬರೆಯುತ್ತೇನೆ. ನಾನು ಬರೆದ ಅರ್ಜಿ ಒಂದೂ ತಪ್ಪಿದೆಯೆಂದು ವಾಪಸ್ ಬಂದಿಲ್ಲ ಅನ್ನುವ ಜಂಬ ನನಗಿತ್ತು. ಕೋವಿ ಅರ್ಜಿ ಬಂತೆಂದರೆ ಮಾತ್ರ ಹಿಂದೆಮುಂದೆ ನೋಡುತ್ತೇನೆ. ನಾನು ಪಟಾಕಿ ಸದ್ದಿಗೇ ಕಿವಿ ಮುಚ್ಚಿಕೊಳ್ಳುವ ಜಾತಿ.

ನಮ್ಮ ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ಕಾಯಲೆಂದು ಲೈಸೆನ್ಸು ಕೊಟ್ಟ ಹಳೇ ಕೋವಿಗಳಿವೆ. ಅಪ್ಪನ ಹೊಲ ಮಗನಿಗೆ ಬಂದ ಹಾಗೆ ಅಪ್ಪನ ಕೋವಿ ಬರುವುದಿಲ್ಲ. ಲೈಸೆನ್ಸು ಇರುವುದು ಮನುಷ್ಯನಿಗೆ, ಮನೆಗಲ್ಲ. ಯಜಮಾನನಿಗೆ ಎಪ್ಪತ್ತು ತುಂಬಿದ್ದರೆ, ಇಲ್ಲವೇ ಲೈಸೆನ್ಸು ಇಪ್ಪತ್ತೈದು ವರ್ಷ ಹಳೆಯದಾಗಿದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಕೊಡಿ ಅಂತ ಕೇಳಬಹುದು. ಸತ್ತರೆ ಕೋವಿ ಮೊದಲು ಠಾಣೆಗೆ ಹೋಗಬೇಕು. ಆಮೇಲೆ ಮನೆಯ ವಾರಸುದಾರರೆಲ್ಲ ತಕರಾರಿಲ್ಲ ಅಂತ ಬರೆದುಕೊಟ್ಟು, ಅವರಲ್ಲೊಬ್ಬರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಕಾನೂನಿನಲ್ಲಿ ಇರುವುದು ಇಷ್ಟು. ಇಲ್ಲದ್ದೆಲ್ಲ ಒಂದೇ ಕೋವಿಯಿಂದ ನನ್ನ ತಲೆಗೆ ಬಂತು.

೧. ಸೋಮವಾರ ಬಾರದ ಗಿರಾಕಿ

ಅಂತರಸಂತೆ ಕಡೆಯ ಯಜಮಾನರೊಬ್ಬರು ಒಂದು ಶುಕ್ರವಾರ ಮಗನನ್ನು ಕರೆದುಕೊಂಡು ಬಂದರು. ಎಂಬತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ಮಾತು ಕಡಿಮೆ.

"ಕೋವಿ ಇವನ್ ಎಸ್ರಿಗೆ ಮಾಡ್ಬೇಕು. ಇವತ್ತೇ ಬರೀರಿ," ಅಂದರು.

"ಲೈಸೆನ್ಸ್ ಪುಸ್ತಕ ಮನೇಲೇ ಬಿಟ್ಟು ಬಂದಿದ್ದೀರಲ್ಲ ಯಜಮಾನ್ರೇ. ನಾನು ಟೈಪ್ ಮಾಡಿಟ್ಟಿರ್ತೀನಿ, ಸೋಮವಾರ ಬನ್ನಿ. ನೀವು ಖುದ್ದು ಹಾಜರಾಗಿ ಸಹಿ ಹಾಕ್ಬೇಕು."

"ಸ್ವಾಮಾರ ಬರಾಕಾಗಾಕಿಲ್ಲ."

"ಯಾಕೆ, ಎಲ್ಲಾದ್ರೂ ಊರಿಗೆ ಹೋಗ್ತಿದ್ದೀರಾ?"

"ಊರು ಅಂತ್ಲೇ ಅನ್ಕಳಿ."

"ವಾಪಸ್ ಯಾವಾಗ?"

"ಅಲ್ಲಿಗೋದೋರು ಯಾರೂ ಬಂದು ಯೋಳಿಲ್ವಲ್ಲ," ಅಂದು ಎದ್ದರು. ಮಗ ನಕ್ಕ, ನಾನೂ ನಕ್ಕೆ.

ಸೋಮವಾರ ಹತ್ತು ಗಂಟೆಗೆ ಮಗನ ಫೋನು ಬಂತು. "ಸಾ, ಅಪ್ಪ ಇವತ್ತು ಬರಾಕಿಲ್ಲ ಅಂತ ಯೋಳಾಕೆ ಮಾಡ್ದೆ."

"ಯಾಕಪ್ಪಾ, ಏನಾಯ್ತು?"

"ಓಗ್ಬುಟ್ರು ಸಾ."

ನನ್ನ ಎದುರಿಗೇ ಟೈಪಾದ ಅರ್ಜಿ ಬಿದ್ದಿತ್ತು. ಹೇಳಿದ ದಿನಕ್ಕೆ ಬರದ ಗಿರಾಕಿಗಳನ್ನು ಇಪ್ಪತ್ತು ವರ್ಷದಲ್ಲಿ ನೂರಾರು ಕಂಡಿದ್ದೇನೆ. ಬರುವುದಿಲ್ಲ ಅಂತ ಮುಂಚೆಯೇ ತಿಳಿಸಿ, ತಿಳಿಸಿದ ಹಾಗೇ ನಡೆದುಕೊಂಡವರು ಅವರೊಬ್ಬರೇ.

೨. ಹೊಡೆಯುವ ಹಕ್ಕು ಯಾರಿಗೂ ಇಲ್ಲ

ಐದನೇ ದಿನ ಮಗ ಬಂದು ನನ್ನನ್ನು ಬೈಕಿನಲ್ಲಿ ಊರಿಗೆ ಕರೆದೊಯ್ದ. ಕೋವಿ ಠಾಣೆಗೆ ಒಯ್ಯಲು ಪೊಲೀಸ್ ಪೇದೆ ಬರುವವರಿದ್ದರು. ಕಾಗದ ಪತ್ರ ಬರೆಯಲು ನಾನಿರಲಿ ಅಂತ ಅವನ ಆಸೆ.

ಊರ ಕಡೇ ಮನೆ. ನಡುಮನೆಯಲ್ಲಿ ಯಜಮಾನರ ಫೋಟೋ, ಪಕ್ಕದಲ್ಲಿ ಎರಡು ಗೂಟದ ಮೇಲೆ ಕೋವಿ. ಅದರ ಬಾಯಿ ಕಿಟಕಿಗೆ ನೇರ. ಕಿಟಕಿಯಾಚೆ ಜೋಳದ ಹೊಲ, ಹೊಲದಾಚೆ ಕಾಡು. ಬಾಯಿಂದಲೇ ಮದ್ದು ಜಡಿದು ತುಂಬುವ ಹಳೇ ಕಾಲದ ಕೋವಿ ಅದು.

ಪೇದೆ ನಳಿಕೆಯೊಳಗೆ ಕಡ್ಡಿ ಇಳಿಬಿಟ್ಟರು. ಕಡ್ಡಿ ತಳ ಮುಟ್ಟದೆ ಗೇಣು ಮೇಲೇ ನಿಂತಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ತುಂಬೈತಲ್ರೀ! ತುಂಬಿದ ಕೋವಿ ನಾನು ಠಾಣೆಗೆ ತಗಂಡೋಗಂಗಿಲ್ಲ."

"ನಾನೇ ಒಲದ್ ಕಡೀಕೆ ಒಂದು ಒಡ್ದುಬುಡ್ಲಾ ಸಾ?" ಅಂದ ಮಗ.

"ನಿಂಗೆಲ್ಲೈತೋ ಲೈಸೆನ್ಸು? ಒಡುದ್ರೆ ನಿನ್ ಮೇಲೇ ಕೇಸು."

"ಅಂಗಾದ್ರೆ ನೀವೇ ಒಡೀರಿ."

"ನಂಗೆ ಕೊಟ್ಟಿರೋ ಬಂದೂಕೇ ಬೇರೆ. ಇದನ್ನ ನಾನ್ಯಾಕೆ ಒಡೀಲಿ?"

ಇಬ್ಬರೂ ನನ್ನ ಕಡೆ ತಿರುಗಿದರು. ಒಂದು ಗುಂಡು ಹಾರಿಸಲು ಅನುಮತಿ ಕೋರಿ ಅರ್ಜಿ ಬರೆಯಬಹುದೇ ಅಂತ ನಾನೂ ಯೋಚಿಸಿದೆ. ಯಾರಿಗೆ ಬರೆಯುವುದು? ಕೊನೆಗೆ ಮೈಸೂರಿನಿಂದ ಕೋವಿ ರಿಪೇರಿಯವನನ್ನು ಕರೆಸಿ ಮದ್ದು ತೆಗೆಸುವುದು ಅಂತಾಯಿತು. ಅವನು ಬರುವುದು ಮುಂದಿನ ವಾರ. ಅಲ್ಲೀತನಕ ಕೋವಿ ಅಲ್ಲೇ ಇರಲಿ ಅಂತ ಪೇದೆ ಅದಕ್ಕೊಂದು ಚೀಟಿ ಕಟ್ಟಿದರು. ಕಿಡಿ ಹುಟ್ಟಿಸುವ ಕೇಪನ್ನು ಕಿತ್ತು, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಕೇಪಿಲ್ಲದೆ ಆ ಕೋವಿ ಬರೀ ಕೊಳವೆ.

"ಕಾನೂನು ಪ್ರಕಾರ ಇದನ್ನ ಒಡಿಯೋ ಅಕ್ಕಿರೋದು ಯಜಮಾನ್ರಿಗೊಬ್ರಿಗೇ ನೋಡಿ. ಅವ್ರೇ ಬರ್ಬೇಕು," ಅಂತ ಪೇದೆ ನಕ್ಕರು.

ಅಡಿಗೆಮನೆ ಬಾಗಿಲಲ್ಲಿ ಕೂತಿದ್ದ ಯಜಮಾನರ ಹೆಂಡತಿ ತಲೆ ಎತ್ತಲಿಲ್ಲ. "ಬತ್ತಾರೆ," ಅಂದರು.

ಪೇದೆ ಊಟಕ್ಕೂ ನಿಲ್ಲದೆ ಹೊರಟರು. ಪೊಲೀಸರು ಕರೆದ ಊಟ ಬಿಟ್ಟು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

೩. ಅಜ್ಜಿಯ ತಕರಾರು

ಎಂಟನೇ ದಿನ ಮತ್ತೆ ಹೋದೆ. ತಕರಾರಿಲ್ಲ ಅನ್ನುವ ಪತ್ರಕ್ಕೆ ಕಂಪಲಾಪುರಕ್ಕೆ ಕೊಟ್ಟಿದ್ದ ಮಗಳು ಸಹಿ ಹಾಕಿದಳು. ಯಜಮಾನರ ಹೆಂಡತಿ, ಆ ಅಜ್ಜಿ, ಹೆಬ್ಬೆಟ್ಟು ಮುಂದಕ್ಕೇ ಚಾಚಲಿಲ್ಲ.

"ನಂದು ತಕರಾರೈತೆ," ಅಂದರು.

"ಏನವ್ವ ತಕರಾರು?"

"ಭಾನ್ವಾರ ಸಂಜೆ ಅವ್ರು ಕೂತ್ಕಂಡು ಕೋವಿ ತುಂಬುದ್ರು. ಅಂದಿ ಬಂದವಾ ಅಂತ ಕೇಳ್ದೆ. ಅಂದಿ ಅಲ್ಲ ಕಣಮ್ಮಿ, ನಾಳೀಕೆ ಒಂದು ಬತ್ತದೆ, ಕಿಟಕೀತಾವ ಬತ್ತದೆ ಅಂದ್ರು. ಅದು ಅವ್ರು ಏಳೋಕೆ ಮುಂಚೇನೇ ಬಂದ್ಬುಡ್ತು. ಈಗ ದಿನಾ ಬತ್ತದೆ. ಮದ್ಯಾನ ಬತ್ತದೆ. ಒಬ್ರನ್ನ ತಗಂಡೋಗಿ ರುಚಿ ಕಂಡೈತೆ. ಈಗ ಕಣ್ಣಾಕಿರೋದು ನನ್ ಮಗನ್ ಮ್ಯಾಲೆ. ಆ ಗುಂಡು ಅದುಕ್ಕೆ ಅಂತ್ಲೇ ತುಂಬಿರೋದು. ಯಾವನೋ ರಿಪೇರಿಯೋನು ಬಂದು ತಗುದ್ಬುಟ್ರೆ ನನ್ ಮಗಂಗೆ ಯಾರು ಗತಿ?"

ಹೊಸ್ತಿಲಲ್ಲಿ ಮಲಗಿದ್ದ ನಾಯಿ ಆಗಲೇ ಎದ್ದು ನಿಂತಿತು. ಕಿಟಕಿಯಾಚೆ ಯಾರೂ ಇಲ್ಲದ ಹೊಲವನ್ನು ನೋಡುತ್ತ, ಬೊಗಳದೆ, ಹಿಂದಹಿಂದಕ್ಕೆ ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಅದು ನಡುಗುತ್ತಿತ್ತು. ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಗೋಡೆ ಗಡಿಯಾರ ನೋಡಿದೆ, ಹನ್ನೆರಡೂಕಾಲು. ಮಗ ಏನೂ ಆಗದವನಂತೆ ಉಗುರು ಕಚ್ಚುತ್ತಿದ್ದ.

ದಾರಿಯಲ್ಲಿ ಪೇದೆ ಸಿಕ್ಕಾಗ ಎಲ್ಲ ಹೇಳಿ, "ಯಮನಿಗೇ ಹೊಡೆಯೋಕೆ ತುಂಬಿದ್ರಂತೆ. ಬೆಳೆ ಕಾಯೋ ಲೈಸೆನ್ಸಿನಲ್ಲಿ ಇದು ಬರುತ್ತಾ?" ಅಂದೆ.

ಪೇದೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಯಮನಿಗೆ ಬಿದ್ರೆ ನಮ್ ಕೇಸು. ಅವನ್ ಕ್ವಾಣಕ್ಕೆ ಬಿದ್ರೆ ಫಾರೆಸ್ಟ್‌ನೋರ ಕೇಸು. ನಂಗೇನೋ ಕ್ವಾಣಕ್ಕೆ ಬಿದ್ರೇ ವಾಸಿ ಕಣ್ರೀ."

೪. ಖುದ್ದು ಹಾಜರಿ

ಹನ್ನೊಂದನೇ ದಿನ ಶಿವಗಣಾರಾಧನೆ. ಪೂಜೆ ಮಾಡಿಸುವ ಅಯ್ನೋರು ಫೋಟೋದ ಮುಂದೆ ಕೂತು ಎಡೆ ಇಡಿಸಿದ್ದರು. ಮಗ ಕೈಮುಗಿದು ಕಿಟಕಿಗೆ ಬೆನ್ನು ಹಾಕಿ ನಿಂತಿದ್ದ. ಪೇದೆಯೂ ಬಂದಿದ್ದರು, ಈ ಸಲ ಊಟಕ್ಕೇ. ನಾನು ಗೋಡೆ ಪಕ್ಕ ಚಾಪೆಯ ಮೇಲಿದ್ದೆ.

ನಾಯಿ ಓಡಿಬಂದು ಮಗನ ಕಾಲ ಸಂದಿಗೆ ತೂರಿಕೊಂಡಿತು. ಹೊರಗೆ ಹಕ್ಕಿಗಳ ಸದ್ದು ನಿಂತಿತು. ಅಜ್ಜಿ ಕಿಟಕಿಯ ಕಡೆ ನೋಡಿ, "ಮಗಾ, ಈಚೀಕೆ ಬಾ," ಅಂದರು. ಮಗ ಎರಡು ಹೆಜ್ಜೆ ಈಚೆ ಬಂದ.

ಢಂ ಅಂತು.

ಮನೆಯೆಲ್ಲ ಹೊಗೆ. ನಾನು ಎಲ್ಲಿದ್ದೇನೆ ಅಂತ ನನಗೇ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚಾಪೆಯ ಕೆಳಗಿದ್ದೆ. ಯಾರಿಗೂ ಏನೂ ಆಗಿರಲಿಲ್ಲ, ಗುಂಡು ಕಿಟಕಿಯಿಂದಾಚೆ ಹೋಗಿತ್ತು. ಪೇದೆ ಮೊದಲು ಜೇಬು ಮುಟ್ಟಿಕೊಂಡರು. ಕಾಗದ ಬಿಚ್ಚಿದರು. ಕೇಪು ಅದರೊಳಗೇ ಇತ್ತು.

"ಧೂಪದ ಕಿಡಿ ಸಿಡಿದಿರ್ಬೇಕು," ಅಂದರು ಪೇದೆ.

"ನಾನಿನ್ನೂ ಕೆಂಡಾನೇ ತರಿಸಿಲ್ವಲ್ಲ ಸ್ವಾಮಿ," ಅಂದರು ಅಯ್ನೋರು.

ಹೊರಗೆ ಹೋಗಿ ನೋಡಿದೆವು. ಹೊಲದ ಹಸಿ ಮಣ್ಣಿನಲ್ಲಿ ಕಿಟಕಿಯ ತನಕ ಗೊರಸಿನ ಗುರುತು ಬಂದಿತ್ತು. ಎತ್ತಿನದಕ್ಕಿಂತ ದೊಡ್ಡದು. ಅಲ್ಲಿಂದ ತಿರುಗಿ, ಮಾರುದ್ದ ಮಾರುದ್ದ ನೆಗೆದು ಕಾಡಿನ ಕಡೆ ಹೋಗಿತ್ತು. ರಕ್ತವೇನೂ ಇರಲಿಲ್ಲ. ಪೇದೆ ಯಾರಿಗೂ ಹೇಳಬೇಡಿ ಅಂತ ಬೂಟಿನಲ್ಲಿ ಹತ್ತಿರದ ಗುರುತುಗಳನ್ನು ಅಳಿಸಿದರು.

ಒಳಗೆ ಬಂದಾಗ ಅಜ್ಜಿ ಮಗನ ಕೈ ಹಿಡಿದುಕೊಂಡು ಅಳುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು, "ಎಲ್ಲಿ ಒತ್ಬೇಕು ಯೋಳಪ್ಪ," ಅಂತ ಹೆಬ್ಬೆಟ್ಟು ಚಾಚಿದರು.

ಕೋವಿ ಖಾಲಿಯಾಗಿತ್ತು, ಇನ್ನು ಠಾಣೆಗೆ ಒಯ್ಯಬಹುದು. ಆದರೆ ಹೊಡೆದವರು ಯಾರು ಅಂತ ಬರೆಯುವುದು? ಮಗನ ಹೆಸರು ಬರೆದರೆ ಅವನ ಮೇಲೆ ಕೇಸಾಗಿ ಲೈಸೆನ್ಸು ಕನಸಾಗುತ್ತದೆ. ಪೇದೆ ನನ್ನ ಕೈಗೆ ಕಾಗದ ಕೊಟ್ಟರು. ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಒಟ್ಟು ಮಾಡಿ ನಾನು ಬರೆದೆ: "ಶಿವಗಣಾರಾಧನೆಯ ಸಮಯದಲ್ಲಿ ಮೃತ ಲೈಸೆನ್ಸುದಾರರು ಖುದ್ದು ಹಾಜರಿದ್ದು, ತಾವು ತುಂಬಿದ್ದ ಗುಂಡನ್ನು ತಾವೇ ಹಾರಿಸಿದ್ದರಿಂದ ಕೋವಿ ಖಾಲಿಯಾಗಿರುತ್ತದೆ." ಪೇದೆ ಎರಡು ಸಲ ಓದಿ, ಬೆವರು ಒರೆಸಿಕೊಂಡು, ಸಾಕ್ಷಿ ಅಂತ ಸಹಿ ಹಾಕಿದರು. ಅದನ್ನೂ ಮಗನ ಅರ್ಜಿಗೆ ಲಗತ್ತಿಸಿ ಕಳಿಸಿದೆ.

ಮಗನಿಗೆ ಲೈಸೆನ್ಸು ಸಿಕ್ಕಿತು. ಆದರೆ ಅದಕ್ಕೆ ಮುಂಚೆ ನನ್ನ ಜನ್ಮದಲ್ಲೇ ಮೊದಲ ಬಾರಿಗೆ ಒಂದು ಅರ್ಜಿ ವಾಪಸ್ ಬಂತು. ಗುಂಡಿನ ಬಗ್ಗೆ ಆಗಲಿ, ಹೊಡೆದವರು ಸತ್ತವರೆಂಬ ಬಗ್ಗೆ ಆಗಲಿ ಮೇಲಿನವರ ಆಕ್ಷೇಪಣೆ ಇರಲಿಲ್ಲ. ಒಂದೇ ಒಂದು ಸಾಲು ಕೇಳಿದ್ದರು: "ಮೃತ ಲೈಸೆನ್ಸುದಾರರು ಖುದ್ದು ಹಾಜರಿದ್ದಾಗ್ಯೂ ಅವರ ಸಹಿ ಪಡೆಯದೆ ಇದ್ದುದಕ್ಕೆ ಕಾರಣ ತಿಳಿಸುವುದು."

ಏನು ಬರೆಯಲೆಂದು ತೋಚದೆ ಆ ಮನೆಗೇ ಹೋಗಿ ಓದಿ ಹೇಳಿದೆ. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜಿ ನಗಲಿಲ್ಲ.

"ಅವ್ರೇನೋ ರುಜು ಆಕ್ತಿದ್ರು ಕಣಪ್ಪ," ಅಂದರು. "ನೀನು ಚಾಪೆ ಕೆಳುಗಿಂದ ಎದ್ರೆ ತಾನೆ? ನಿನ್ ಜೇಬಲ್ಲಿರೋ ಪೆನ್ನೇ ನೋಡ್ಕಂಡು ಎಷ್ಟೊತ್ತು ನಿಂತಿದ್ರು, ಪಾಪ."