ಪಾಳೇಗಾರನ ಸಾವಿಗೆ ಕೊಟ್ಟ ಕೂದಲು

ವಯಸ್ಸಾದ ಮೇಲೆ ಬರುವ ಚಪಲಗಳಲ್ಲಿ ಬೋಂಡ, ಬೀಡಿ ಇವೆಲ್ಲ ಸಣ್ಣವು. ಡಾಕ್ಟರು ಗದರಿಸಿದರೆ ಬಿಟ್ಟುಹೋಗುತ್ತವೆ. ಬಿಡದೆ ಇರುವುದು ಒಂದೇ, ನಾಲ್ಕು ಜನ ನನ್ನ ಕಡೆ ತಿರುಗಿ ನೋಡಲಿ ಎನ್ನುವ ಚಪಲ. ಮದುವೆಮನೆಗೆ ಹೋದರೆ ವಿಡಿಯೋದವನು ಯಾವ ಸಾಲಿನ ಮುಂದೆ ನಿಂತಿದ್ದಾನೆಂದು ನೋಡಿಕೊಂಡು ಊಟಕ್ಕೆ ಕೂರುತ್ತಿದ್ದವನು ನಾನು. ಅದಕ್ಕೆ ತಕ್ಕ ಮೀಸೆಯೂ ಇತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ, ಬದುಕೆಲ್ಲ ಶೇಂಗಾ ಮಿಲ್ಲಿನಲ್ಲಿ ಮೂಟೆ ತೂಗಿದವನಿಗೆ ಬಡವನಹಳ್ಳಿಯಲ್ಲಿ ಸಿಕ್ಕಿದ್ದ ಪದವಿ ‘ಮೀಸೆ ಚಿಕ್ಕಣ್ಣ’ ಎನ್ನುವುದೊಂದೇ. ಹಾಗಾಗಿ ನಿಡುಗಲ್ಲು ಬೆಟ್ಟದ ತಪ್ಪಲಿಗೆ ಸಿನಿಮಾದವರು ಬಂದು, ಜನ ಹಿಡಿಯುವ ಏಜೆಂಟು ನಮ್ಮೂರಿನಲ್ಲಿ, “ಪಾಳೇಗಾರ್ರ ಕಾಲದ ಮುಖ ಬೇಕಂತೆ ಕಣಣ್ಣೋ, ನಿನ್ನ ಬುಟ್ರೆ ಇನ್ಯಾರವ್ರೆ?” ಎಂದಾಗ ಅವನ ಮಾತು ಮುಗಿಯುವಷ್ಟರಲ್ಲಿ ನಾನು ಟೆಂಪೋದಲ್ಲಿ ಕೂತಿದ್ದೆ.

ಮುಂದೆ ಹೋಗುವ ಮೊದಲು ನಮ್ಮಣ್ಣ ಕರಿಯಣ್ಣನ ವಿಷಯ ಹೇಳಿಬಿಡಬೇಕು. ಅವನು ಕುರಿ ಕಾದಿದ್ದರಿಂದ ನಾನು ಹೈಸ್ಕೂಲು ಕಂಡೆ. ಹುಣಸೆಮರದಿಂದ ಬಿದ್ದು ಸೊಂಟ ಮುರಿದು ಅವನು ಮಲಗಿಬಿಟ್ಟಿದ್ದ. ಇಬ್ಬರು ಹೆಣ್ಣುಮಕ್ಕಳು, ಮದುವೆಯಾಗಿ ಹೋಗಿದ್ದರು. ಗಂಡುಮಕ್ಕಳಿಲ್ಲ. ನಮ್ಮ ಕಡೆ ಅಂಥವನು ಹೋದರೆ ತಲೆ, ಮೀಸೆ ಬೋಳಿಸಿಕೊಂಡು ಕರ್ಮ ಮಾಡಬೇಕಾದವನು ತಮ್ಮ. ಅಂದರೆ ನಾನು. ದಿನಾ ಸಂಜೆ ಪಕ್ಕದ ಬೀದಿಯ ಅವನ ಮನೆಗೆ ಹೋಗಿ ಪೇಪರು ಓದಿ ಹೇಳುತ್ತಿದ್ದೆ. “ಮೊದ್ಲು ಸತ್ತೋರ ಪುಟ ಓದ್ಲಾ, ನನ್ನ ಹೆಸರು ಬಂದೈತೇನೋ ನೋಡು,” ಎನ್ನುತ್ತಿದ್ದ. ಇಲ್ಲ ಎಂದರೆ, “ಅಂಗಾರೆ ಅತ್ತಿಗೆಗೆ ಕಾಪಿ ಇಡಕ್ಕೆ ಹೇಳು,” ಎಂದು ನಗುತ್ತಿದ್ದ.

ಮೀಸೆ ನೋಡಿ ಕರೆತಂದವರು ಅದನ್ನೇ ಕೇಳುತ್ತಾರೆಂದು ಯಾರಿಗೆ ಗೊತ್ತಿತ್ತು? ಅವತ್ತಿನ ಸೀನು ಪಾಳೇಗಾರನ ಸಾವಂತೆ. ಚಡ್ಡಿ ಹಾಕಿಕೊಂಡ ಅಸಿಸ್ಟೆಂಟ್ ಡೈರೆಕ್ಟರು ಬಂದು, “ಸತ್ತವರ ಹತ್ತಿರದ ಸಂಬಂಧಿಕರು ಬೇಕು. ಯಾರು ತಲೆ, ಮೀಸೆ ತೆಗೆಸ್ತೀರೋ ಅವರು ಕ್ಯಾಮೆರಾ ಮುಂದಿನ ಸಾಲಲ್ಲಿ,” ಎಂದ. ಗುಂಪು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. “ಲೇದು ಸಾಮೀ, ಮಾ ಅಮ್ಮ ಇಂಕಾ ಉಂದಿ,” ಎಂದ ಪಾವಗಡದ ಕಡೆಯ ಮುದುಕ. ಅವನಿಗೇ ಹಲ್ಲಿಲ್ಲ, ತಾಯಿ ಇನ್ನೂ ಇದ್ದಾಳಂತೆ! ಇನ್ನೊಬ್ಬ, “ಸುಮ್ಸುಮ್ನೆ ಗುಂಡು ಹೊಡಿಸ್ಕಂಡು ಊರಿಗೋದ್ರೆ ನನ್ನೆಂಡ್ತಿ ಯಾರನ್ನ ಅಂತ ಅಳ್ತಾಳೆ?” ಎಂದ. ಎಲ್ಲರೂ ನಕ್ಕರು.

ಆ ಹೊತ್ತಿಗೆ ನನಗೆ ಅಣ್ಣ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದ. ಆದರೆ ಹಾಸಿಗೆ ಹಿಡಿದವನಿಗೆ ಹೇಗೆ ಗೊತ್ತಾಗುತ್ತೆ, ಟವಲು ಸುತ್ತಿಕೊಂಡರಾಯಿತು ಎಂದೂ ಅನಿಸಿತು. ದುಡ್ಡಿನ ಆಸೆಗೆ ಮಾಡಿದ್ದರೆ ಬಡವ ಎಂದು ಯಾರಾದರೂ ಕ್ಷಮಿಸುತ್ತಿದ್ದರು. ನಾನು ಮಾಡಿದ್ದು ಮುಂದಿನ ಸಾಲಿನ ಆಸೆಗೆ. ಕಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದೆ. ನನ್ನ ಪದವಿ ತೊಡೆಯ ಮೇಲೆ ಉದುರಿತು.

ಚಟ್ಟದ ಮೇಲೆ ಪಾಳೇಗಾರ ಹಾರ ಹಾಕಿಕೊಂಡು ಮಲಗಿದ. ನಮಗೋ ಅಳು ಬರಲಿಲ್ಲ. ಹೆಣ ಆಗಾಗ ಮೂಗು ಕೆರೆದುಕೊಳ್ಳುತ್ತಿದ್ದರೆ ಎಲ್ಲಿಂದ ಬರಬೇಕು? ಅಸಿಸ್ಟೆಂಟು ನನ್ನ ಹತ್ತಿರ ಬಂದು, “ಯಜಮಾನ್ರೇ, ನಿಮ್ಮೋರು ಯಾರೋ ಸತ್ತಿದ್ದಾರೆ ಅಂದ್ಕೊಳ್ಳಿ,” ಎಂದ. ಅವ್ವನನ್ನು ನೆನೆದೆ. ಅವಳು ಹೋಗಿ ಬಹಳ ಕಾಲವಾಗಿತ್ತು, ಆ ದುಃಖ ಒಣಗಿತ್ತು. ಆಗ ಅಣ್ಣನ ಮುಖ ತಾನಾಗಿಯೇ ಬಂದು ಆ ಚಟ್ಟದ ಮೇಲೆ ಕೂತಿತು. ನಾನು ಎಬ್ಬಿಸಲಿಲ್ಲ, ಅಲ್ಲೇ ಮಲಗಿಸಿದೆ. ‘ಅಣ್ಣಾ’ ಎಂದು ಕಿರುಚಿ ಬಿದ್ದೆ. “ಸೂಪರ್! ಇನ್ನೊಂದ್ಸಲ!” ಎಂದರು ಡೈರೆಕ್ಟರು. ಕ್ಯಾಮೆರಾ ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ. ಅವತ್ತು ನಮ್ಮಣ್ಣ ಎಷ್ಟು ಸಲ ಸತ್ತನೋ ನಾನು ಎಣಿಸಲಿಲ್ಲ. ಪ್ರತಿ ಸಲವೂ ಪಾಳೇಗಾರ ಎದ್ದು ಟೀ ಕುಡಿಯುತ್ತಿದ್ದ.

ಊರಿಗೆ ಬಂದು ಬಾಗಿಲು ತಟ್ಟಿದೆ. ತೆರೆದ ನನ್ನ ಹೆಂಡತಿ ನಂಜಮ್ಮ ನನ್ನ ತಲೆ ಕಂಡವಳೇ, “ಅಯ್ಯೋ, ಬಾವಾರು ಹೋಗ್ಬುಟ್ರಾ!” ಎಂದು ಎದೆ ಬಡಿದುಕೊಂಡು ಅಣ್ಣನ ಮನೆ ಕಡೆ ಓಡಿದಳು. ಸೆರಗು ಹಿಡಿದು ನಿಲ್ಲಿಸಿ, ಸಿನಿಮಾಕ್ಕೆ ಕಣೇ ಎಂದೆ. ಅಳು ನಿಂತಿತು. “ಇನ್ನೂ ಉಸಿರಾಡ್ತಿರೋರಿಗೆ ತಲೆ ಬೋಳಿಸ್ಕಂಡು ಬಂದಿದ್ದೀಯಲ್ಲ, ನೀನೇನು ಮನುಷ್ಯನಾ?” ಎಂದಳು. ನಾನು ಒಳಗೆ ಹೋಗಿ ಟವಲು ಹುಡುಕಿದೆ.

ತಲೆಗೇನೋ ಟವಲು ಸುತ್ತಬಹುದು, ಮೀಸೆಗೆ ಏನು ಸುತ್ತುವುದು? ನನ್ನ ಬೋಳು ಮುಖ ಕಂಡರೆ ಅಣ್ಣನಿಗೆ ತಾನು ಸತ್ತ ಸುದ್ದಿ ತಾನೇ ಓದಿದ ಹಾಗಾಗುತ್ತಿತ್ತು. ಸಂಜೆಯ ಪೇಪರು ನಿಂತಿತು. ಜ್ವರ ಎಂದು ಹೇಳಿಕಳಿಸಿದೆ. ನಂಜಮ್ಮ ಅಲ್ಲಿಗೆ ಹೋಗಿ ಬಂದಾಗಲೆಲ್ಲ, “ಕರೀತಾವ್ರೆ, ಒಂದ್ಸಲ ಹೋಗ್ಬಾ,” ಎನ್ನುತ್ತಿದ್ದಳು. ನಾನು ಮೂಗಿನ ಕೆಳಗೆ ಸವರಿಕೊಂಡು, ಇನ್ನು ನಾಲ್ಕು ದಿನ ಎನ್ನುತ್ತಿದ್ದೆ. ಕೂದಲು ಬೇಗ ಬರಲೆಂದು ಈರುಳ್ಳಿ ರಸ ತಿಕ್ಕಿಕೊಳ್ಳುತ್ತಿದ್ದರೆ, “ತಲೆಗಲ್ಲ, ಆ ಮುಖಕ್ಕೆ ಬಳ್ಕೋ,” ಎಂದು ಹೋಗುತ್ತಿದ್ದಳು. ಅಣ್ಣ ಕಾಯುತ್ತಾನೆ, ಎಲ್ಲಿಗೆ ಹೋಗುತ್ತಾನೆ, ನಡೆಯಲಾರದವನು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಹೋಗಿಯೇಬಿಟ್ಟ.

ತಿಥಿಯ ದಿನ ಕೆರೆ ಏರಿಯ ಕೆಳಗೆ ನೀರು ಚಿಮುಕಿಸಿಕೊಂಡು ಕೂತೆ. ಕ್ಷೌರದವನು ತಲೆ ಸವರಿ ನೋಡಿ, “ಏನೈತಣ್ಣೋ ಇಲ್ಲಿ ತೆಗೆಯಕ್ಕೆ? ಕುರಿ ಬುಟ್ರೆ ಅದಕ್ಕೂ ಮೇವು ಸಿಗಕ್ಕಿಲ್ಲ,” ಎಂದ. ಇದು ಕರ್ಮಕ್ಕೆ ಆಗುತ್ತೋ ಇಲ್ಲವೋ ಎಂದು ಹಿರಿಯರಲ್ಲಿ ಚರ್ಚೆಯಾಯಿತು. ಕೊನೆಗೆ ಒಬ್ಬರು, “ಮುಂಗಡ ಕೊಟ್ಟವ್ನೆ ಬುಡ್ರಲಾ, ಕತ್ತಿ ಆಡ್ಸು ಸಾಕು,” ಎಂದರು. ಕೂದಲಿಲ್ಲದ ಕಡೆಯೂ ಕತ್ತಿ ಆಡಿತು. ಸಾವಿನ ಮನೆ ಎಂದು ಬಾಯಿ ಮುಚ್ಚಿಕೊಂಡೇ ಜನ ನಕ್ಕರು.

ಅಣ್ಣನ ಮನೆಗೆ ಬಂದಾಗ ಅತ್ತಿಗೆ ನನ್ನ ತಲೆಯನ್ನೇ ನೋಡುತ್ತಾ ಕೂತಿದ್ದಳು. “ನಿಮ್ಮಣ್ಣಂಗೆ ಅವತ್ತೇ ಗೊತ್ತಾಗಿತ್ತು ಕಣಪ್ಪ. ನಂಜಮ್ಮನೇ ಬಂದು ಹೇಳಿದ್ಲು,” ಎಂದಳು.

“ಬೇಜಾರು ಮಾಡ್ಕಂಡನಾ?”

“ಎಲ್ಲಿ ಬೇಜಾರು? ಸೊಂಟ ನೋಯುವಂಗೆ ನಕ್ರು. ‘ತನ್ನ ಸಾವಿಗೆ ತಲೆ ಬೋಳಿಸ್ಕಂಡೋನು ಹೆಂಗೆ ಕಾಣ್ತಾನೆ ಅಂತ ಯಾವ ಸತ್ತೋನು ನೋಡವ್ನೆ ಹೇಳು? ನಾನು ನೋಡ್ಬೇಕು. ನಂಗೊತ್ತೈತೆ ಅಂತ ಅವನಿಗೆ ಯಾರೂ ಹೇಳ್ಬ್ಯಾಡ್ರಿ, ಅವನಾಗೇ ಬರ್ಲಿ, ಮುಖ ಹೆಂಗೆ ಮಾಡ್ತಾನೋ ನೋಡನ,’ ಅಂದ್ರು. ದಿನಾ ಸಂಜೆ ಬಾಗ್ಲು ಕಡೀಕೆ ತಿರುಗಿಸಿ ಮಲಗ್ಸು ಅನ್ನೋರು.”



ಆಮೇಲೆ ಸಿನಿಮಾ ಬಂತು. ಅಣ್ಣನ ದೊಡ್ಡ ಮಗಳು ಆ ಸೀನನ್ನು ಫೋನಿನಲ್ಲಿ ಹಾಕಿ ಅಮ್ಮನಿಗೆ ತೋರಿಸಿದಳು. ನನ್ನ ಕಿರುಚಾಟದ ಮೇಲೆ ಸಂಗೀತ ಹಾಕಿದ್ದರು, ‘ಅಣ್ಣಾ’ ಎಂದಿದ್ದು ಕೇಳುತ್ತಿರಲಿಲ್ಲ. ಅತ್ತಿಗೆ ಫೋನು ಕಣ್ಣಿನ ಹತ್ತಿರ ತಂದು ನೋಡಿದಳು. “ಎಷ್ಟು ಚೆನ್ನಾಗಿ ಅತ್ತಿದ್ದೀಯಪ್ಪ! ಇಂಗೆ ಅಳಕ್ಕೆ ಯಾರನ್ನ ನೆನೆಸ್ಕಂಡೆ?” ಎಂದು ಕೇಳಿದಳು.

“ಅವ್ವನ್ನ,” ಎಂದೆ.

ಅವಳು ನಂಬಿದಳು. ಇನ್ನೊಂದ್ಸಲ ಹಾಕಮ್ಮಿ ಎಂದು ಮಗಳಿಗೆ ಹೇಳಿದಳು. ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ, ಅವಳ ಭುಜದ ಹಿಂದಿನಿಂದ ಬಗ್ಗಿ ನೋಡಿದೆ. ಮುಂದಿನ ಸಾಲಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದೆ.