ಆಯೇರಿಗೆ ಕೊಟ್ಟ ವಾಷಿಂಗ್ ಮಷಿನ್

1999ರಲ್ಲಿ, ಏಳನೆಯ ತರಗತಿಯ ಗಣಿತ ನನ್ನನ್ನು ಬಿಟ್ಟಿತೋ ನಾನೇ ಅದನ್ನು ಬಿಟ್ಟೆನೋ, ಅಂತೂ ನನ್ನ ಓದು ನಿಂತಿತು. ಅದಕ್ಕಾಗಿ ನಾಚಿಕೊಂಡವನಲ್ಲ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ನನ್ನ ಬೆವರಿನ ಅನ್ನ ಉಣ್ಣುತ್ತೇನೆ. ಬಾಯ್ಲರಿನ ಒತ್ತಡ ಏರಿದರೆ ಓಡಿಹೋಗಿ ಇಳಿಸುವುದು ನನಗೆ ಗೊತ್ತು. ನನ್ನದೇ ಒತ್ತಡ ಏರಿದಾಗ ಯಾವ ಕೀಲಿ ತಿರುಗಿಸಬೇಕೆಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ. ಅದು ಏರುವುದು ಒಬ್ಬರ ದೆಸೆಯಿಂದ: ನನ್ನ ಸಡ್ಡಕರು ಬಸವರಾಜರು, ಅಂದರೆ ನನ್ನ ಹೆಂಡತಿ ರೇಣವ್ವನ ಅಕ್ಕನ ಗಂಡ. ಕೊಪ್ಪಳದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರು ಯಲಬುರ್ಗಾದ ಮಾವನ ಮನೆಗೆ ಬಂದರೆ ಒಳಗಿನಿಂದ ಕುರ್ಚಿ ಬರುತ್ತದೆ. ನಾನು ಹೋದರೆ "ಬಾರಪಾ, ಕೂಡು" ಎನ್ನುತ್ತಾರೆ. ಎಲ್ಲಿ ಕೂಡಬೇಕೆಂಬುದು ನನ್ನ ವಿವೇಚನೆಗೆ ಬಿಟ್ಟದ್ದು.

ಆರೇಳು ತಿಂಗಳ ಹಿಂದೆ ರೇಣವ್ವನ ಕೊನೆಯ ತಂಗಿಯ ಕುಬುಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಊರಿಗೆಲ್ಲ ಊಟ ಹಾಕುವ ಕಾರ್ಯ. ನಮ್ಮ ಕಡೆ ಅಲ್ಲಿ ಕೊಡುವ ಉಡುಗೊರೆಯನ್ನು, ಅಂದರೆ ಆಯೇರಿಯನ್ನು, ಸುಮ್ಮನೆ ಕೈಯಲ್ಲಿಟ್ಟು ಬರುವಂತಿಲ್ಲ, ಮೈಕಿನಲ್ಲಿ ಕೂಗಬೇಕು. ಕೊಟ್ಟವರ ಹೆಸರು, ಊರು, ವಸ್ತು ಎಲ್ಲವೂ ಓಣಿಯ ಕೊನೆಯ ಎಮ್ಮೆಗೂ ಕೇಳಿಸಬೇಕು. ರೇಣವ್ವ ಚಂದದೊಂದು ಸೀರೆ ತಂದು, "ಇಷ್ಟ ಸಾಕ್ರಿ, ಭಾಳ ಛಲೋ ಐತಿ" ಎಂದಳು. ಸಾಕಾಗಿಯೇ ಇತ್ತು. ಆದರೆ ಸಡ್ಡಕರು ಫ್ರಿಜ್ ಕೊಡುತ್ತಾರಂತೆ ಎಂಬ ಸುದ್ದಿ ಬಂತು ನೋಡಿ, ಆ ಸೀರೆ ನನ್ನ ಕಣ್ಣೆದುರೇ ಕರವಸ್ತ್ರದಷ್ಟಾಯಿತು. ಸೀರೆ ಎಂಬುದನ್ನು ಮೈಕಿನವನು ಎಷ್ಟು ಹೊತ್ತು ಕೂಗಿಯಾನು? ಎರಡೇ ಅಕ್ಷರ. ಅದೇ 'ವಾಷಿಂಗ್ ಮಷಿನ್' ಅಂದು ನೋಡಿ, ಬಾಯಿ ತುಂಬುತ್ತದೆ.

ಪಗಾರ ಇನ್ನೂ ದೂರವಿತ್ತು. ಮೊಬೈಲಿನಲ್ಲಿ ಆ್ಯಪೊಂದು 'ಪಗಾರದ ದಾರಿ ಏಕೆ ಕಾಯುತ್ತೀರಿ?' ಎಂದು ದಿನವೂ ಕಕ್ಕುಲಾತಿಯಿಂದ ಕೇಳುತ್ತಿತ್ತು. ನಮ್ಮ ಮಾವ ಒಂದು ದಿನವೂ ಹಾಗೆ ಕೇಳಿದವರಲ್ಲ. ಹದಿನೈದು ಸಾವಿರ ಕೇಳಿದೆ, ಹನ್ನೊಂದು ಬಂತು. ಉಳಿದದ್ದು ಹಿಂದಿನಿಂದ ಬರುತ್ತಿರಬಹುದೆಂದು ಎರಡು ದಿನ ಕಾದೆ. ಅದು ಅವರ ಖರ್ಚಿಗೆ ಹೋಯಿತಂತೆ. ತೀರಿಸಬೇಕಾದದ್ದು ಮಾತ್ರ ಹದಿನೈದೇ. ನಿಮ್ಮನ್ನು ಬಲ್ಲವರೊಬ್ಬರ ನಂಬರ್ ಕೊಡಿ ಎಂದೂ ಕೇಳಿತ್ತು. ಹೆಣ್ಣು ಕೇಳಲು ಹೋದಾಗ ನಾಲ್ಕು ಒಳ್ಳೆಯ ಮಾತು ಆಡುವ ದೊಡ್ಡ ಮನುಷ್ಯರ ಹೆಸರು ಹೇಳುತ್ತೇವಲ್ಲ, ಇದೂ ಹಾಗೆಯೇ ಎಂದುಕೊಂಡು, ನನಗೆ ಗೊತ್ತಿದ್ದವರಲ್ಲೇ ಘನವಂತರಾದ ಬಸವರಾಜರ ನಂಬರನ್ನು ಎದೆಯುಬ್ಬಿಸಿ ಒತ್ತಿದೆ.

ಕುಬುಸದ ದಿನ ಮೈಕಿನವನು ನನ್ನ ಹೆಸರನ್ನು ಎರಡು ಸಲ ಕೂಗಿದ. ಸ್ವರ್ಗವೆಂದರೆ ಯಲಬುರ್ಗಾದಲ್ಲಿ, ಶಾಮಿಯಾನದ ಕೆಳಗೇ ಇದೆ ಎಂದು ಆ ಕ್ಷಣ ಅನ್ನಿಸಿತು. ಅತ್ತೆ ಮಾತ್ರ ಮಷಿನ್ನಿನ ಮುಚ್ಚಳ ತೆಗೆದು ಒಳಗೆ ಇಣುಕಿ, "ನಳಾ ಬರೂದ ವಾರಕ್ಕೊಮ್ಮೆ. ಇದಕ್ಕ ನೀರ ಯಾರ್ ಕುಡಸ್ತಾರಪಾ?" ಎಂದರು. ಈಗ ಅದರಲ್ಲಿ ಜೋಳ ತುಂಬಿಟ್ಟಿದ್ದಾರೆ. ಹುಳ ಬಿದ್ದಿಲ್ಲವಂತೆ.

ಪಗಾರ ಬಂತು, ಸಾಲಕ್ಕಿಂತ ಚಿಕ್ಕದಾಗಿತ್ತು. ಹಾಗಾಗಿ ಮೊದಲನೆಯ ಆ್ಯಪಿನ ಬಾಯಿಗೆ ಎರಡನೆಯ ಆ್ಯಪಿನಿಂದ ತಂದು ಹಾಕಿದೆ. ಎರಡನೆಯದರ ಬಾಯಿ ಇನ್ನೂ ಅಗಲವಾಗಿತ್ತು. ಗಿರಣಿಯ ಸದ್ದಿನಲ್ಲೂ ಫೋನಿನ ಸದ್ದಷ್ಟೇ ಕೇಳಿಸತೊಡಗಿತು. ಕೊನೆಗೆ ಅತ್ತಲಿನವನು, "ಇವತ್ತು ಕಟ್ಟದಿದ್ದರೆ ಬಸವರಾಜ್ ಸಾಹೇಬರಿಗೆ ಹೇಳುತ್ತೇವೆ" ಎಂದ. ಹಣ ಹೋದರೆ ದುಡಿದೇನು; ಸಡ್ಡಕರ ಮುಂದೆ ತಲೆ ತಗ್ಗಿದರೆ ಅದನ್ನು ಯಾವ ಪಾಳಿಯಲ್ಲಿ ದುಡಿಯಲಿ? ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬಸವರಾಜರದೇ ಫೋನು.

"ಹನಮಂತಪ್ಪ, ನಿಮಗೇನರ ಫೋನ್ ಬಂದಿತ್ತೇನ್ರಿ?"

"ಯಾವ ಫೋನ್ರೀ?"

"ಅದ... ನನ್ನ ಬಗ್ಗಿ."

"ನಿಮ್ಮ ಬಗ್ಗಿ ನನಗ್ಯಾಕ ಬರ್ತೈತ್ರಿ? ನನ್ನ ಬಗ್ಗಿ ನಿಮಗ ಬಂದಿರಬೇಕಲ್ಲ?"

ಬುತ್ತಿಯ ಮುಚ್ಚಳ ಮತ್ತೆ ಹಾಕಿ, ಹೊಟ್ಟಿನ ರಾಶಿಯ ಮೇಲೆ ಹೋಗಿ ಕೂತೆ.

"ಫ್ರಿಜ್ಜಿಂದೇನ್ರಿ?" ಎಂದೆ.

"ಹೂಂನಪಾ. ನಿಂದು ಮಷಿನ್ನಿಂದು?"

"ಹೌದ್ರಿ. ಅಲ್ರೀ, ಇಷ್ಟ್ ಮಂದಿ ಸಾಹೇಬ್ರನ್ನ ಬಿಟ್ಟು ನನ್ನ ನಂಬರ್ ಯಾಕ ಕೊಟ್ರಿ?"

"ಆಫೀಸಿನವ್ರದು ಕೊಟ್ರ ಮರ್ಯಾದಿ ಉಳೀತೈತೇನು? ನೀ ದುಡದು ತಿನ್ನೋ ಮನಷ್ಯಾ. ನಿನ್ನ ಮಾತ ಯಾರರ ನಂಬ್ತಾರ ಅಂತ ಕೊಟ್ಟೆ."

ನಂಬುತ್ತೀರೋ ಇಲ್ಲವೋ, ಎರಡು ಸಾಲಗಳ ನಡುವೆ ನಿಂತು ನನ್ನ ಎದೆ ಒಂದು ಗೇಣು ಉಬ್ಬಿತು. ಮೈಕಿನವನು ಹತ್ತು ಸಲ ಕೂಗಿದ್ದರೂ ಇಷ್ಟಾಗುತ್ತಿರಲಿಲ್ಲ. ಆಮೇಲೆ ಇಬ್ಬರಿಗೂ ನಗು ಬಂತು. ಅವರು ಕಚೇರಿಯ ಹಿಂದೆ, ನಾನು ಹೊಟ್ಟಿನ ರಾಶಿಯ ಮೇಲೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನಗೆ ಹುಚ್ಚು ಹಿಡಿಯಿತೆಂದು ಹಮಾಲರು ಬುತ್ತಿ ಎತ್ತಿಕೊಂಡು ದೂರ ಸರಿದರು.

ಸಂಜೆ ರೇಣವ್ವನ ಮುಂದೆ ಬಾಯಿ ತೆರೆದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ. ನಿಮ್ಮಿಬ್ಬರ ಮೊಬೈಲಿನ್ಯಾಗಿನ ನಂಬರೆಲ್ಲಾ ಅವ್ರ ಕಡೆ ಅದಾವು. ನನಗೂ ಫೋನ್ ಬಂದಿತ್ತು, ಅಕ್ಕಗೂ ಬಂದಿತ್ತು. ನಿಮ್ಮ ಬಾಯಿಂದ ಯಾವಾಗ ಬರ್ತೈತಿ ಅಂತ ಕಾಯಾಕತ್ತಿದ್ವಿ."

ಅಕ್ಕ ತಂಗಿಯರು ತಂತಮ್ಮ ಮಹಿಳಾ ಸಂಘದಲ್ಲಿ ಸಾಲಕ್ಕೆ ಆಗಲೇ ಮಾತಾಡಿಟ್ಟಿದ್ದರು. ಆ್ಯಪುಗಳ ಬಾಯಿ ಮುಚ್ಚಿತು. ಸಂಘದ ಕಂತು ಮುಗಿಯುವವರೆಗೆ ಪಗಾರ ನೇರ ರೇಣವ್ವನ ಕೈಗೆ. ನನಗೆ ದಿನದ ಚಹಾದ ಖರ್ಚು. ಬಸವರಾಜರದೂ ಇದೇ ಪಾಡು. ಅವಸರಕ್ಕೆ, ಆಸ್ಪತ್ರೆಗೆ ಸಾಲ ಮಾಡಿದವರನ್ನು ನಾನು ಏನೂ ಅನ್ನುವುದಿಲ್ಲ. ಕೂಗಿಸಿಕೊಳ್ಳುವುದಕ್ಕೆ ಸಾಲ ಮಾಡಿದರೆ ಮಾತ್ರ ಕೊನೆಗೆ ಕೂಗುವವರು ಬೇರೆಯವರಾಗಿರುತ್ತಾರೆ ಎಂಬಷ್ಟು ಗಣಿತ ನನಗೀಗ ಬರುತ್ತದೆ. ಮುಂದಿನ ತಿಂಗಳು ಆ ತಂಗಿಯ ಕೂಸಿನ ತೊಟ್ಟಿಲ ಕಾರ್ಯವಿದೆ. ರೇಣವ್ವ ಕೂಸಿನ ತಲೆ ಬೆನ್ನು ಮುಚ್ಚುವ ಒಂದು ಕುಂಚಿಗೆ ಹೊಲಿಯುತ್ತಿದ್ದಾಳೆ. ಕುಂಚಿಗೆ ಎಂದರೆ ಮೂರು ಅಕ್ಷರವಾಯಿತಲ್ಲ ಎಂದು ಲೆಕ್ಕ ಹಾಕುತ್ತ ಕೂತವನನ್ನು ಅವಳು ಸೂಜಿ ಹಿಡಿದುಕೊಂಡೇ ನೋಡಿದಳು. ನಾನು ಎದ್ದು ಹೊರಗೆ ಬಂದೆ.

ಈಗ ನನ್ನ ಬಳಿ ಇರುವುದು ಇಷ್ಟು: ಒಂದು ನೌಕರಿ, ಒಬ್ಬ ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಸಡ್ಡಕರು, ಸಂಘಕ್ಕೆ ಇನ್ನು ಒಂಬತ್ತು ಕಂತು, ಜೇಬಿನಲ್ಲಿ ನಲವತ್ತು ರೂಪಾಯಿ. ಅದರಲ್ಲಿ ಇಪ್ಪತ್ತು ಸಡ್ಡಕರ ಚಹಾದ ಖರ್ಚಿನಿಂದ ತಂದ ಕೈಗಡ.